ಕಲ್ಲಿನ ಅಕ್ಷರಕ್ಕೆ ವೃತ್ತ–ಚೌಕದ ಅಳತೆ: ಹೊಯ್ಸಳ ಶಾಸನದಿಂದ ಹೊಸ ಫಾಂಟ್ ರೂಪಿಸುವ ಬಗೆ

ಅರಸೀಕೆರೆ: ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿ ಓಡಾಡುವವರಿಗೆ ಅರಸೀಕೆರೆ ಎಂದರೆ ಒಂದು ಜಂಕ್ಷನ್. ಹಳದಿ ಫಲಕದ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಊರಿನ ಹೆಸರನ್ನು ಕಿಟಕಿಯಿಂದಲೇ ಓದಿಕೊಂಡು ಮುಂದೆ ಸಾಗುವವರೇ ಹೆಚ್ಚು. ನಿಲ್ದಾಣದಿಂದ ಹೊರಬಂದು ಊರಿನ ಈಶ್ವರ ದೇವಾಲಯಕ್ಕೆ, ಅಲ್ಲಿಂದ ಹಳೇಬೀಡು ಮತ್ತು ಬೇಲೂರಿಗೆ ಹೋದವರಿಗೆ ಬೇರೊಂದು ಕನ್ನಡ ಎದುರಾಗುತ್ತದೆ. ಬಳಪದ ಕಲ್ಲಿನ ಮೇಲೆ ಒತ್ತೊತ್ತಾಗಿ ಕೊರೆದ, ದುಂಡನೆಯ, ಬಳುಕುವ ಅಕ್ಷರಗಳ ಕನ್ನಡವದು. ಭಾಷೆ ನಮ್ಮದೇ ಆಗಿದ್ದರೂ ಇಂದಿನ ಓದುಗರಲ್ಲಿ ಬಹುತೇಕರು ಅದನ್ನು ಓದಲಾರರು. ಕೆಲವು ಅಕ್ಷರಗಳ ಗುರುತು ಹತ್ತಿದರೂ ಸಾಲು ಕೂಡಿ ಬರುವುದಿಲ್ಲ.

ಈ ಎರಡು ಕನ್ನಡಗಳ ನಡುವೆ ಸೇತುವೆ ಕಟ್ಟಲು ಸಾಧ್ಯವೇ? ಶಾಸನದ ಅಕ್ಷರಗಳಿಂದ ಪ್ರೇರಣೆ ಪಡೆದು, ವೃತ್ತ, ಚೌಕ ಮತ್ತು ಸರಳರೇಖೆಗಳ ಲೆಕ್ಕದಲ್ಲಿ ಪ್ರಾಯೋಗಿಕ ಫಾಂಟ್ ಒಂದನ್ನು ರೂಪಿಸುವುದು ಅಂಥ ಒಂದು ದಾರಿ. ಆದರೆ ಈ ಕೆಲಸ ಕಲ್ಲಿನ ಮೇಲಿನ ಅಕ್ಷರವನ್ನು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಗೆರೆ ಎಳೆದಷ್ಟು ಸುಲಭವಲ್ಲ. ಶಾಸನದಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನದಲ್ಲಿಯೇ ಇದರ ಸೋಲು ಗೆಲುವು ಅಡಗಿದೆ.

ಪಠ್ಯ ಉಳಿಯಿತು, ರೂಪ ಉಳಿಯಲಿಲ್ಲ

ಹಾಸನ ಜಿಲ್ಲೆಯ ಶಾಸನಗಳನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ ಪ್ರಕಟಿಸಿದವರು ಬಿ.ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 5ನೇ ಸಂಪುಟ ಈ ಜಿಲ್ಲೆಗೆ ಮೀಸಲಾಗಿದ್ದು, 1902ರಲ್ಲಿ ಹೊರಬಂದಿತು. ಅದನ್ನು ಮುದ್ರಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಬೇಲೂರು, ಹಳೇಬೀಡು, ಅರಸೀಕೆರೆಯ ಶಾಸನಗಳು ಹೀಗೆ ವಿದ್ವಾಂಸರ ಮೇಜಿಗೆ ಬಂದವು. ರಾಜರ ವಂಶಾವಳಿ, ದಾನದ ವಿವರ, ದೇವಾಲಯ ಕಟ್ಟಿಸಿದವರ ಹೆಸರು ಎಲ್ಲವೂ ತಿಳಿದವು.

ಆದರೆ ಈ ಪ್ರಕ್ರಿಯೆಯಲ್ಲಿ ಒಂದು ಸಂಗತಿ ಕಲ್ಲಿನಲ್ಲಿಯೇ ಉಳಿಯಿತು. 12 ಮತ್ತು 13ನೇ ಶತಮಾನದ ಅಕ್ಷರಗಳು ಪುಸ್ತಕದಲ್ಲಿ 19ನೇ ಶತಮಾನದ ಅಚ್ಚುಮೊಳೆಗಳ ರೂಪ ತಾಳಿದವು. ಮೊಳೆ ಜೋಡಿಸುವವರ ಬಳಿ ಇದ್ದದ್ದು ಆ ಕಾಲದ ಕನ್ನಡವೇ ಹೊರತು ವಿಷ್ಣುವರ್ಧನನ ಕಾಲದ ಕನ್ನಡವಲ್ಲ. ಓದಲು ಅನುಕೂಲವಾಗಲೆಂದು ಹೀಗೆ ಮಾಡುವುದು ಅನಿವಾರ್ಯವೂ ಆಗಿತ್ತು. ಪರಿಣಾಮವಾಗಿ ಶಾಸನ ಏನು ಹೇಳುತ್ತದೆ ಎಂಬುದು ಗ್ರಂಥಾಲಯಗಳಿಗೆ ತಲುಪಿತು. ಅದು ಹೇಗೆ ಕಾಣುತ್ತದೆ ಎಂಬುದು ಪಡಿಯಚ್ಚುಗಳಿಗೆ, ಛಾಯಾಚಿತ್ರಗಳಿಗೆ ಮತ್ತು ಲಿಪಿಶಾಸ್ತ್ರ ಬಲ್ಲ ಕೆಲವರಿಗೆ ಸೀಮಿತವಾಯಿತು.

ಕನ್ನಡದ ಅಚ್ಚಿನ ಅಕ್ಷರಗಳ ಇತಿಹಾಸವೂ ಬಹಳ ಹಳೆಯದೇನಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮುದ್ರಣಗೊಂಡದ್ದು ಕಲ್ಲಚ್ಚಿನಲ್ಲಿ. ಆ ನಂತರ ಮೊಳೆಗಳು ಬಂದವು, ಮೊಳೆಗಳ ಬಳಿಕ ಫೋಟೊಟೈಪ್ ಜೋಡಣೆ, ಅದರ ಹಿಂದೆಯೇ ಕಂಪ್ಯೂಟರ್ ಬಂದಿತು. 1990ರ ದಶಕದ ಕೊನೆಯಿಂದ ‘ಬರಹ’, ‘ನುಡಿ’ಯಂತಹ ತಂತ್ರಾಂಶಗಳು ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದವು. ಆರ್.ಕೆ. ಜೋಶಿ ಅವರ ವಿನ್ಯಾಸದ ‘ತುಂಗಾ’ ವಿಂಡೋಸ್ ಜತೆಗೇ ಬಂದಿತು. ಈ ಎಲ್ಲ ಹಂತಗಳಲ್ಲಿ ಮುಖ್ಯ ಗುರಿ ಒಂದೇ ಆಗಿತ್ತು: ಅಚ್ಚಿನಲ್ಲಿ ಒಗ್ಗಿಹೋದ ಕನ್ನಡ ಹೊಸ ಯಂತ್ರದಲ್ಲೂ ತಪ್ಪಿಲ್ಲದೆ ಮೂಡಬೇಕು. ಕಲ್ಲಿನ ಕಡೆಗೆ ತಿರುಗಿ ನೋಡಲು ಆಗ ಬಿಡುವೂ ಇರಲಿಲ್ಲ, ಅಗತ್ಯವೂ ಕಾಣಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. ಓದುವ ಪಠ್ಯಕ್ಕೆ ಬೇಕಾದ ಫಾಂಟ್‌ಗಳು ಸಾಕಷ್ಟಿವೆ. ಪ್ರಯೋಗಕ್ಕೂ ಅವಕಾಶ ತೆರೆದಿದೆ. ವೈಷ್ಣವಿ ಮೂರ್ತಿ ಎರ್ಕಾಡಿತ್ತಾಯ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ’ ಇದಕ್ಕೆ ಉತ್ತಮ ನಿದರ್ಶನ. ಕನ್ನಡ, ತೆಲುಗು ಮತ್ತು ರೋಮನ್ ಲಿಪಿಗಳಿಗಾಗಿ ಮಾಡಿದ ಪ್ರಾಯೋಗಿಕ ಶೀರ್ಷಿಕೆ ಅಕ್ಷರವಿದು. ಕನ್ನಡದ ಭಾಗಕ್ಕೆ ‘ಅಕಾಯ ಕನಡಕ’ ಎಂಬ ಹೆಸರಿದ್ದು, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾಗಿದೆ. ಏಕರೂಪದ ದಪ್ಪದ ಗೆರೆಯಲ್ಲಿ ಕನ್ನಡವನ್ನು ಬಿಡಿಸಿದ ‘ಹುಬ್ಬಳ್ಳಿ’ ಎಂಬ ಫಾಂಟ್ ಕೂಡ ಹೀಗೆಯೇ ಮುಕ್ತವಾಗಿ ಲಭ್ಯವಿದೆ.

ಮೂಲದಲ್ಲಿಯೇ ಇದ್ದ ಜ್ಯಾಮಿತಿ

ಕನ್ನಡ ಲಿಪಿ ದುಂಡು, ಅದಕ್ಕೆ ಜ್ಯಾಮಿತಿಯ ಗೆರೆಗಳು ಹೊಂದುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲಿಪಿಯ ಇತಿಹಾಸ ಇದನ್ನು ಒಪ್ಪುವುದಿಲ್ಲ.

ಕನ್ನಡ ಲಿಪಿಯ ಮೂಲ ಬ್ರಾಹ್ಮಿ. ರಾಜ್ಯದ ಬ್ರಹ್ಮಗಿರಿ, ಮಸ್ಕಿ ಮುಂತಾದೆಡೆ ದೊರೆತ ಅಶೋಕನ ಶಾಸನಗಳಲ್ಲಿ ಇದನ್ನು ನೋಡಬಹುದು. ಅಲ್ಲಿ ‘ಕ’ ಎಂದರೆ ಕೂಡಿಸುವ ಚಿಹ್ನೆಯಂತಹ ಅಡ್ಡ–ಉದ್ದ ಗೆರೆ. ‘ಗ’ ಎಂದರೆ ಗುಡಿಸಲಿನ ಮಾಡಿನಂತಹ ಎರಡು ಓರೆಗೆರೆ. ‘ಠ’ ಎಂದರೆ ಪೂರ್ಣ ವೃತ್ತ, ‘ಥ’ ಎಂದರೆ ನಡುವೆ ಚುಕ್ಕೆಯಿರುವ ವೃತ್ತ, ‘ಬ’ ಎಂದರೆ ಚೌಕ. ಶಾಲಾ ಬಾಲಕನ ಜ್ಯಾಮಿತಿ ಪೆಟ್ಟಿಗೆಯಿಂದ ಬಿಡಿಸಬಹುದಾದ ಅಕ್ಷರಗಳಿವು. ಇಂದಿನ ‘ಗ’ ಕಾರದ ಕಮಾನಿನಲ್ಲಿ ಆ ಮಾಡಿನ ನೆನಪಿದೆ. ‘ಠ’ ಕಾರದ ದುಂಡಿನಲ್ಲಿ ಆ ವೃತ್ತ ಉಳಿದಿದೆ. ‘ಕ’ ಕಾರದ ನಡುವಿನ ಅಡ್ಡಗೆರೆ ಆ ಹಳೆಯ ಶಿಲುಬೆಯ ಅಡ್ಡಗೆರೆಯೇ.

ಕದಂಬರ ಕಾಲದ ಲಿಪಿಯಲ್ಲಿ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಚೌಕವೊಂದು ಕಾಣಿಸಿಕೊಳ್ಳುತ್ತದೆ. ಲಿಪಿಶಾಸ್ತ್ರಜ್ಞರು ಇದನ್ನು ಪೆಟ್ಟಿಗೆ ತಲೆಯ ಲಿಪಿ ಎಂದು ಕರೆಯುತ್ತಾರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಇದರ ಪ್ರಸಿದ್ಧ ಮಾದರಿ. ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಯ ಶಾಸನವೂ ಕದಂಬರ ಯುಗಕ್ಕೆ ಸೇರಿದ್ದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ 16 ಸಾಲುಗಳ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುತ್ತದೆ. ಮೂಲ ಕಲ್ಲು ಮೈಸೂರಿನಲ್ಲಿದ್ದು, ಹಲ್ಮಿಡಿಯಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ.

ಹಲ್ಮಿಡಿಯಿಂದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ದೂರ ಕಡಿಮೆ, ಕಾಲದ ಅಂತರ ಮಾತ್ರ 650 ವರ್ಷಕ್ಕೂ ಹೆಚ್ಚು. ವಿಷ್ಣುವರ್ಧನ 1117ರಲ್ಲಿ ಕೇಶವನನ್ನು ಪ್ರತಿಷ್ಠಾಪಿಸುವ ವೇಳೆಗೆ ಪೆಟ್ಟಿಗೆ ತಲೆ ಮಾಯವಾಗಿತ್ತು. ಓರೆಗೆರೆಗಳು ಬಾಗಿ ಬಳ್ಳಿಯಾಗಿದ್ದವು. ತಾಳೆಗರಿಯ ಮೇಲೆ ಕಂಠದಿಂದ ಬರೆಯುವಾಗ ನೇರ ಗೆರೆ ಗರಿಯನ್ನು ಸೀಳುತ್ತದೆ, ಹಾಗಾಗಿ ಅಕ್ಷರಗಳು ದುಂಡಾದವು ಎಂಬುದು ರೂಢಿಯಲ್ಲಿರುವ ವಿವರಣೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವಂಥದು. ಮೂರ್ತಿಗಳ ಆಭರಣವನ್ನು ಎಳೆಎಳೆಯಾಗಿ ಬಿಡಿಸಿದ ಉಳಿಗೆ ಅಕ್ಷರದ ಬಳುಕು ಕಷ್ಟವಾಗಲಿಲ್ಲ.

ಒಂದೇ ಜಿಲ್ಲೆಯಲ್ಲಿ ಹೀಗೆ ಎರಡು ತುದಿಗಳು ಸಿಗುತ್ತವೆ. ಪ್ರಾಯೋಗಿಕ ಫಾಂಟ್ ಮಾಡುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಇದೇ: ಯಾವ ಶತಮಾನ?

ರೋಮಿನ ಕಂಬ ಕಲಿಸಿದ ಪಾಠ

ಕಲ್ಲಿನಿಂದ ಫಾಂಟ್ ಮಾಡುವ ಕೆಲಸ ಬೇರೆಡೆ ನಡೆದಿದೆ. ರೋಮಿನಲ್ಲಿ ಚಕ್ರವರ್ತಿ ಟ್ರಾಜನ್‌ನ ಸ್ತಂಭದ ಬುಡದಲ್ಲಿರುವ, ಕ್ರಿ.ಶ. 113ರ ಕಾಲದ ಶಾಸನವನ್ನು ರೋಮನ್ ಅಕ್ಷರದ ಆದರ್ಶವೆಂದು ಪರಿಗಣಿಸಲಾಗುತ್ತದೆ. ಅದರ ಆಧಾರದ ಮೇಲೆ ಕ್ಯಾರಲ್ ಟ್ವಾಂಬ್ಲಿ 1989ರಲ್ಲಿ ಅಡೋಬಿ ಸಂಸ್ಥೆಗಾಗಿ ‘ಟ್ರಾಜನ್’ ಫಾಂಟ್ ರೂಪಿಸಿದರು. ಸಿನಿಮಾ ಪೋಸ್ಟರುಗಳಲ್ಲಿ ಅದನ್ನು ಕಾಣದವರಿಲ್ಲ.

ಅದಕ್ಕೂ ಮೊದಲು, 1927ರಲ್ಲಿ ಜರ್ಮನಿಯ ಪಾಲ್ ರೆನ್ನರ್ ಅವರ ‘ಫ್ಯೂಚುರಾ’ ಹೊರಬಂದಿತ್ತು. ವೃತ್ತ, ತ್ರಿಕೋನ, ಚೌಕಗಳಿಂದಲೇ ಮಾಡಿದಂತೆ ತೋರುವ ಈ ಅಕ್ಷರ ಆಧುನಿಕತೆಯ ಗುರುತಾಯಿತು. ವಾಸ್ತವದಲ್ಲಿ ಅದರ ದೊಡ್ಡಕ್ಷರಗಳ ಅಗಲ–ಎತ್ತರದ ಪ್ರಮಾಣ ರೋಮನ್ ಶಾಸನಗಳಿಂದ ಬಂದದ್ದು. ರೆನ್ನರ್ ಕಲ್ಲಿನ ಅಕ್ಷರದ ಬಾಲ, ಕೊಂಡಿ, ದಪ್ಪ–ತೆಳುಗಳನ್ನು ಬಿಟ್ಟು, ಪ್ರಮಾಣವನ್ನು ಮಾತ್ರ ಉಳಿಸಿಕೊಂಡರು. ಅವರು ಆರಂಭದಲ್ಲಿ ಬಿಡಿಸಿದ ಕೆಲವು ಚಿಕ್ಕಕ್ಷರಗಳು ಅಪ್ಪಟ ಜ್ಯಾಮಿತಿಯ ಆಕಾರಗಳಾಗಿದ್ದವು. ಅವುಗಳಲ್ಲಿ ಹಲವನ್ನು ಕೈಬಿಟ್ಟು ಓದಲು ಒಗ್ಗುವ ರೂಪಗಳನ್ನು ಅಂತಿಮಗೊಳಿಸಲಾಯಿತು.

ಇನ್ನೊಂದು ಪಾಠವನ್ನು ಕಲಿಸಿದವರು ಅಮೆರಿಕದ ಪಾದ್ರಿ ಎಡ್ವರ್ಡ್ ಕ್ಯಾಟಿಚ್. ರೋಮನ್ ಅಕ್ಷರಗಳನ್ನು ಮೊದಲು ಚಪ್ಪಟೆ ಕುಂಚದಿಂದ ಕಲ್ಲಿನ ಮೇಲೆ ಬರೆಯಲಾಗುತ್ತಿತ್ತು, ಆಮೇಲೆ ಉಳಿಯಿಂದ ಕೆತ್ತಲಾಗುತ್ತಿತ್ತು ಎಂದು ಅವರು 1968ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅಂದರೆ ಅಕ್ಷರದ ಆಕಾರವನ್ನು ನಿರ್ಧರಿಸಿದ್ದು ಬರೆದವನ ಕೈ, ಕೆತ್ತಿದವನ ಉಳಿ ಅದನ್ನು ಹಿಂಬಾಲಿಸಿತು.

ಕನ್ನಡ ಶಾಸನಗಳಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಅನೇಕ ಶಾಸನಗಳ ಕೊನೆಯಲ್ಲಿ ಪಠ್ಯ ರಚಿಸಿದ ಕವಿ, ಬರೆದವನು ಮತ್ತು ಕಂಡರಿಸಿದವನು ಎಂದು ಬೇರೆ ಬೇರೆ ಹೆಸರುಗಳಿರುತ್ತವೆ. ಬೇಲೂರಿನಲ್ಲಿ ಶಿಲ್ಪಿಗಳೂ ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣನ ಹೆಸರುಗಳು ಮೂರ್ತಿಗಳ ಕೆಳಗೆ ಇಂದಿಗೂ ಇವೆ. ರಾಜಶಾಸನದ ಗಂಭೀರ ಅಕ್ಷರ ಒಂದು ಬಗೆ, ಶಿಲ್ಪಿಯ ಈ ಪುಟ್ಟ ಸಹಿ ಇನ್ನೊಂದು ಬಗೆ. ‘ಹೊಯ್ಸಳ ಅಕ್ಷರ’ ಎಂಬ ಒಂದೇ ರೂಪ ಇಲ್ಲ. ಇರುವುದು ಹಲವು ಕೈಗಳು.

ಒಂದು ಶಾಸನ, ಒಂದು ಕೈ

ಹೀಗಾಗಿ ವಿನ್ಯಾಸದ ಮೊದಲ ನಿಯಮ, ಒಂದು ಶಾಸನವನ್ನು ಅಥವಾ ಒಂದೇ ಕೈಬರಹವೆಂದು ತೋರುವ ಸಾಲುಗಳನ್ನು ಆಯ್ದುಕೊಳ್ಳುವುದು. ಹಲ್ಮಿಡಿಯ ‘ಕ’, ಬೇಲೂರಿನ ‘ಮ’, ಹಳೇಬೀಡಿನ ‘ರ’ ಎಂದು ಅಲ್ಲೊಂದು ಇಲ್ಲೊಂದು ಹೆಕ್ಕಿದರೆ ಫಲಿತಾಂಶ ಸಂಗ್ರಹಾಲಯದ ಪಟ್ಟಿಯಾಗುತ್ತದೆ, ಅಕ್ಷರಮಾಲೆಯಾಗುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬದ ಶಾಸನದಂತೆ, ಎರಡನೇ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ಕಥೆ ಹೇಳುವಷ್ಟು ದೀರ್ಘವಾದ ಪಠ್ಯವಿದ್ದರೆ ಕೆಲಸಕ್ಕೆ ಅನುಕೂಲ. ಒಂದೇ ಅಕ್ಷರ ಹತ್ತಾರು ಬಾರಿ ಬರುವುದರಿಂದ ಬರೆದವನ ರೂಢಿ ಯಾವುದು, ಕಲ್ಲಿನ ಸೀಳಿನಿಂದ ಅಥವಾ ಉಳಿಯ ಜಾರಿನಿಂದ ಆದ ವ್ಯತ್ಯಾಸ ಯಾವುದು ಎಂದು ಬೇರ್ಪಡಿಸಬಹುದು.

ಎರಡನೆಯ ಹೆಜ್ಜೆ ಅಳತೆ. ಹಿಂದೆ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಶಾಯಿ ಸವರಿ ಪಡಿಯಚ್ಚು ತೆಗೆಯಲಾಗುತ್ತಿತ್ತು. ಈಗಲೂ ಆ ಪದ್ಧತಿ ಇದೆ. ಜತೆಗೆ ಮೂರು ಆಯಾಮದ ಸ್ಕ್ಯಾನಿಂಗ್ ಸೇರಿಕೊಂಡಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು ಈ ವಿಧಾನದಲ್ಲಿ ದಾಖಲಿಸುತ್ತಿದ್ದು, ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಪರದೆಯ ಮೇಲೆ ಮೂಡುತ್ತವೆ. ವಿನ್ಯಾಸಕಾರರಿಗೆ ಇದರಿಂದ ಅಕ್ಷರದ ಅಂಚಿನ ಜತೆಗೆ ಉಳಿ ಇಳಿದ ಆಳವೂ ತಿಳಿಯುತ್ತದೆ. ಗೆರೆಯ ನಡುಭಾಗ ಎಲ್ಲಿ ಹಾದುಹೋಗುತ್ತದೆ ಎಂಬುದು ಗೊತ್ತಾದರೆ ಅಕ್ಷರದ ಅಸ್ಥಿಪಂಜರ ಸಿಕ್ಕಂತೆ.

ಮೂರನೆಯದು ಕೊರತೆಯನ್ನು ತುಂಬುವುದು. ಯಾವ ಶಾಸನದಲ್ಲಿಯೂ ಇಂದಿನ ಕನ್ನಡಕ್ಕೆ ಬೇಕಾದ ಎಲ್ಲ ಅಕ್ಷರಗಳು ಇರಲಾರವು. ‘ಝ’, ‘ಛ’, ‘ಙ’ಗಳು ಸಿಗುವುದು ಅಪರೂಪ. ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆ, ರೂಪಾಯಿ ಚಿಹ್ನೆಗಳು ಸಿಗುವ ಮಾತೇ ಇಲ್ಲ. ಇರುವ ಅಕ್ಷರಗಳ ನಿಯಮದಿಂದ ಇಲ್ಲದ ಅಕ್ಷರಗಳನ್ನು ಊಹಿಸಿ ಕಟ್ಟಬೇಕು. ಫಾಂಟ್ ಪ್ರಾಯೋಗಿಕ ಎನಿಸುವುದು ಇಲ್ಲಿಂದಲೇ.

ಹದಿನಾರು ಮೂಲೆಗಳ ಲೆಕ್ಕ

ಆ ನಿಯಮಕ್ಕೆ ಅರಸೀಕೆರೆಯೇ ಒಂದು ಮಾದರಿ ನೀಡಬಲ್ಲದು. ಸುಮಾರು 1220ರ ಕಾಲದ ಇಲ್ಲಿನ ಈಶ್ವರ ದೇವಾಲಯದ ತೆರೆದ ಮಂಟಪ 16 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ನೋಡಲು ಜಟಿಲವಾದರೂ ಇಂಥ ನಕ್ಷೆಯ ಸೂತ್ರ ಸರಳ. ಒಂದು ಚೌಕವನ್ನು ಅದರ ಕೇಂದ್ರದ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಬೇಕು. ಪ್ರತಿ ಬಾರಿ 22.5 ಡಿಗ್ರಿಯಂತೆ ತಿರುಗಿಸಿದ ನಾಲ್ಕು ಚೌಕಗಳಿಂದ, ಚೌಕಕ್ಕೆ ನಾಲ್ಕು ಮೂಲೆಯಂತೆ ಒಟ್ಟು 16 ಮೂಲೆಗಳು ಒಂದೇ ವೃತ್ತದ ಮೇಲೆ ಬಂದು ನಿಲ್ಲುತ್ತವೆ. ದಾರ ಮತ್ತು ಗೂಟ ಇದ್ದರೆ ನೆಲದ ಮೇಲೆಯೇ ಇದನ್ನು ಬಿಡಿಸಬಹುದು.

ಫಾಂಟಿಗೆ ಇದೇ ಸೂತ್ರವನ್ನು ಅನ್ವಯಿಸಿದರೆ ಹೇಗೆ? ಎಲ್ಲ ಅಕ್ಷರಗಳಿಗೂ ಒಂದೇ ವೃತ್ತ, ಆ ವೃತ್ತದ ಮೇಲೆ 16 ಬಿಂದುಗಳು. ಗೆರೆ ಆರಂಭವಾಗುವುದು, ಮುಗಿಯುವುದು, ತಿರುಗುವುದು ಈ ಬಿಂದುಗಳಲ್ಲಿ ಮಾತ್ರ. ಓರೆಗೆರೆಗಳ ಕೋನ 22.5ರ ಗುಣಕಗಳಲ್ಲಿ ಮಾತ್ರ. ಹೀಗೆ ಮಾಡಿದಾಗ ‘ರ’, ‘ಠ’, ‘ಗ’ಗಳು ಸಲೀಸಾಗಿ ಒಳಗೆ ಕೂರುತ್ತವೆ. ‘ಅ’, ‘ಆ’, ‘ಲ’, ‘ಣ’ಗಳಿಗೆ ಎರಡು ವೃತ್ತ ಬೇಕಾಗುತ್ತದೆ. ‘ಈ’, ‘ಋ’, ‘ಝ’ಗಳು ಮೊಂಡಾಟ ಮಾಡುತ್ತವೆ.

ಇಂಥ ಫಾಂಟಿನಲ್ಲಿ ಹೊಯ್ಸಳ ಶಾಸನದ ಒಂದು ಅಕ್ಷರದ ನಕಲೂ ಇರುವುದಿಲ್ಲ. ಆದರೂ ಅಕ್ಷರಗಳ ಅಗಲ–ಎತ್ತರದ ಪ್ರಮಾಣ, ಒಳಗಿನ ಖಾಲಿ ಜಾಗ, ಸಾಲಿನ ಒತ್ತೊತ್ತು ಶಾಸನದ್ದೇ ಆಗಿರುತ್ತದೆ. ಕೋನಗಳ ಶಿಸ್ತು ಆ ಕಾಲದ ವಾಸ್ತುವಿನದು. ಬಳ್ಳಿ, ಎಲೆ, ಗಂಡಭೇರುಂಡವನ್ನು ಅಕ್ಷರದ ತುದಿಗೆ ಅಂಟಿಸಿ ‘ಪಾರಂಪರಿಕ’ ಎಂದು ಕರೆಯುವ ಫಾಂಟ್‌ಗಳಿಗಿಂತ ಈ ದಾರಿ ಹೆಚ್ಚು ಪ್ರಾಮಾಣಿಕವಾದುದು.

ತಲೆಕಟ್ಟು ಬರೀ ಆಭರಣವಲ್ಲ

ಜ್ಯಾಮಿತಿಯ ಸರಳತೆಗೆ ಮನಸೋತವರು ಮೊದಲು ಕತ್ತರಿ ಹಾಕುವುದು ತಲೆಕಟ್ಟಿಗೆ. ಅಕ್ಷರದ ಮೇಲಿನ ಆ ಪುಟ್ಟ ಕೊಂಡಿ ಅಲಂಕಾರದಂತೆ ಕಾಣುವುದೇ ಇದಕ್ಕೆ ಕಾರಣ. ಆದರೆ ಕನ್ನಡದಲ್ಲಿ ತಲೆಕಟ್ಟಿಗೆ ಕೆಲಸವಿದೆ. ‘ಕ’ ಕಾರದ ಮೇಲೆ ತಲೆಕಟ್ಟು ಇದ್ದರೆ ಅದು ‘ಕ’. ಅದರ ಜಾಗದಲ್ಲಿ ಗುಡಿಸು ಬಂದರೆ ‘ಕಿ’. ಎತ್ವ ಬಂದರೆ ‘ಕೆ’. ಬೇರೆ ಕೊಂಡಿ ಬಂದರೆ ಸ್ವರವಿಲ್ಲದ ‘ಕ್’. ಅಂದರೆ ತಲೆಕಟ್ಟು ಇರುವ ಜಾಗ ಸ್ವರದ ಪೀಠ. ಅಲ್ಲಿ ಏನು ಕೂತಿದೆ ಎಂಬುದರ ಮೇಲೆ ಉಚ್ಚಾರ ನಿಂತಿದೆ. ಹಾಗೆಂದು ಎಲ್ಲ ಅಕ್ಷರಕ್ಕೂ ತಲೆಕಟ್ಟು ಇಲ್ಲ. ‘ಜ’, ‘ಬ’, ‘ಲ’, ‘ಣ’ಗಳು ಅದಿಲ್ಲದೆಯೇ ನಿಲ್ಲುತ್ತವೆ. ಈ ವ್ಯತ್ಯಾಸವೂ ಓದುಗರ ಕಣ್ಣಿಗೆ ಒಂದು ಗುರುತು.

ಕದಂಬರ ಪೆಟ್ಟಿಗೆ ತಲೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಲೆಕಟ್ಟಿನ ಕೊಂಡಿಯನ್ನು ತೆಗೆದುಹಾಕುವ ಬದಲು ಅದನ್ನು ಒಂದು ಚಿಕ್ಕ ಚೌಕ ಅಥವಾ ಅಡ್ಡಪಟ್ಟಿಯಾಗಿ ಉಳಿಸಿಕೊಂಡರೆ ಜ್ಯಾಮಿತಿಯೂ ಉಳಿಯುತ್ತದೆ, ಸ್ವರದ ಜಾಗವೂ ಉಳಿಯುತ್ತದೆ.

ಇನ್ನೊಂದು ಅಪಾಯ ಮಹಾಪ್ರಾಣದ್ದು. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’ ನಡುವಿನ ಭೇದ ಬುಡದಲ್ಲಿನ ಒಂದು ಸಣ್ಣ ಸೀಳು. ‘ಪ’, ‘ಫ’, ‘ಷ’ಗಳ ಒಡಲು ಒಂದೇ. ‘ವ’ಕ್ಕೆ ಬಾಲ ಸೇರಿದರೆ ‘ಮ’. ಎಲ್ಲವನ್ನೂ ಒಂದೇ ವೃತ್ತಕ್ಕೆ ಇಳಿಸುವ ಉತ್ಸಾಹದಲ್ಲಿ ಈ ಸೀಳು, ಬಾಲಗಳು ಕುಗ್ಗಿದರೆ ‘ಧನ’ ಹೋಗಿ ‘ದನ’ವಾಗುತ್ತದೆ, ‘ಮನ’ ಹೋಗಿ ‘ವನ’ವಾಗುತ್ತದೆ. ದೊಡ್ಡ ಫಲಕದಲ್ಲಿ ಚೆನ್ನಾಗಿ ಕಂಡ ಅಕ್ಷರ ಮೊಬೈಲ್ ಪರದೆಯಲ್ಲಿ ಮೋಸ ಮಾಡುವುದು ಇಲ್ಲಿಯೇ. ಆದ್ದರಿಂದ ಇಂಥ ಜೋಡಿ ಪದಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು, ವಿವಿಧ ಗಾತ್ರಗಳಲ್ಲಿ ಮುದ್ರಿಸಿ, ಫಾಂಟಿನ ಪರಿಚಯವಿಲ್ಲದವರಿಂದ ಓದಿಸಿ ನೋಡುವುದು ಅಗತ್ಯ.

ಕಣ್ಣಿನ ಲೆಕ್ಕವೇ ಬೇರೆ

ಕೈವಾರ ಹೇಳುವುದನ್ನೆಲ್ಲ ಕಣ್ಣು ಒಪ್ಪುವುದಿಲ್ಲ. ಒಂದೇ ಎತ್ತರದ ಚೌಕ ಮತ್ತು ವೃತ್ತವನ್ನು ಪಕ್ಕಪಕ್ಕದಲ್ಲಿ ಇಟ್ಟರೆ ವೃತ್ತ ಚಿಕ್ಕದಾಗಿ ಕಾಣುತ್ತದೆ. ಅದಕ್ಕಾಗಿ ವೃತ್ತವನ್ನು ಮೇಲೆ ಕೆಳಗೆ ಶೇಕಡಾ 1ರಿಂದ 2ರಷ್ಟು ಹಿಗ್ಗಿಸಬೇಕಾಗುತ್ತದೆ. ಒಂದೇ ದಪ್ಪದ ಅಡ್ಡಗೆರೆ ಮತ್ತು ಉದ್ದಗೆರೆಗಳಲ್ಲಿ ಅಡ್ಡಗೆರೆಯೇ ದಪ್ಪವಾಗಿ ತೋರುತ್ತದೆ. ಅದನ್ನು ಕೊಂಚ ತೆಳುಗೊಳಿಸಬೇಕು. ಎರಡು ಗೆರೆಗಳು ಸೇರುವ ಕಡೆ ಕಪ್ಪು ಗಂಟಾಗಿ ಕಾಣುತ್ತದೆ. ಅಲ್ಲಿ ಒಳಗಿನಿಂದ ಸ್ವಲ್ಪ ಕೊರೆಯಬೇಕು. ಸುರುಳಿ ಹೆಚ್ಚಿರುವ ಕನ್ನಡದಲ್ಲಿ ಇಂಥ ಗಂಟುಗಳು ರೋಮನ್ ಲಿಪಿಗಿಂತ ಹೆಚ್ಚು.

ಅಪ್ಪಟ ಜ್ಯಾಮಿತಿಯಂತೆ ತೋರುವ ‘ಫ್ಯೂಚುರಾ’ದಲ್ಲೂ ಇಂಥ ತಿದ್ದುಪಡಿಗಳಿವೆ. ಓದುಗರಿಗೆ ತಿದ್ದಿದ್ದು ಗೊತ್ತಾಗಬಾರದು, ಅಕ್ಷರ ಮಾತ್ರ ನೇರವಾಗಿ, ಸಮವಾಗಿ ಕಾಣಬೇಕು.

ಒತ್ತಕ್ಷರ, ಯೂನಿಕೋಡ್ ಮತ್ತು ಒಂದು ತಪ್ಪು ಹೆಸರು

ರೋಮನ್ ಲಿಪಿಯ ಪ್ರಯೋಗಕಾರರಿಗೆ ಇಲ್ಲದ ಹೊರೆ ಕನ್ನಡದವರಿಗಿದೆ. 26 ಅಕ್ಷರ ಬಿಡಿಸಿದರೆ ಇಲ್ಲಿ ಕೆಲಸ ಮುಗಿಯುವುದಿಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತ, ಪ್ರತಿ ವ್ಯಂಜನಕ್ಕೂ ಒತ್ತು, ‘ಧರ್ಮ’ದಲ್ಲಿ ಬರುವಂತಹ ಅರ್ಕಾವೊತ್ತು, ‘ರಾಷ್ಟ್ರ’, ‘ಸ್ತ್ರೀ’ಗಳಲ್ಲಿ ಬರುವ ಎರಡೆರಡು ಒತ್ತುಗಳು ಸೇರಿ ಹಲವು ನೂರು ಆಕಾರಗಳಾಗುತ್ತವೆ. ಯಾವ ಆಕಾರ ಯಾವಾಗ ಬರಬೇಕು, ಎಲ್ಲಿ ಕೂರಬೇಕು ಎಂಬ ಸೂಚನೆಗಳನ್ನು ಓಪನ್‌ಟೈಪ್ ತಂತ್ರಜ್ಞಾನದ ಮೂಲಕ ಫಾಂಟಿನೊಳಗೇ ಬರೆಯಬೇಕು. ಶಾಸನ ಬರೆದವನಿಗೆ ಒತ್ತು ಕೆಳಗಿನ ಸಾಲಿಗೆ ತಗುಲುವಂತಿದ್ದರೆ ಕೊಂಚ ಪಕ್ಕಕ್ಕೆ ಸರಿಸುವ ಸ್ವಾತಂತ್ರ್ಯವಿತ್ತು. ಫಾಂಟಿಗೆ ಆ ಸ್ವಾತಂತ್ರ್ಯವಿಲ್ಲ. ಎಲ್ಲ ಸಂದರ್ಭಗಳನ್ನೂ ಮೊದಲೇ ಊಹಿಸಿರಬೇಕು.

ಶಾಸನದ ಪಠ್ಯವನ್ನೇ ಹೊಸ ಫಾಂಟಿನಲ್ಲಿ ಮೂಡಿಸಬೇಕೆಂದರೆ ಹಳಗನ್ನಡದ ‘ಱ’ ಮತ್ತು ‘ೞ’ ಅಕ್ಷರಗಳೂ ಬೇಕು. ಎರಡೂ ಯೂನಿಕೋಡ್‌ನಲ್ಲಿವೆ. ಆದರೆ ‘ೞ’ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಫ’ ಧ್ವನಿಯ ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದನ್ನು ತೆಗೆಯಲಾಗದೆ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಸ್ವರವಿಲ್ಲದ ‘ನ್’ ಅನ್ನು ಸೂಚಿಸುವ ಹಳೆಯ ‘ನಕಾರ ಪೊಲ್ಲು’ ಯೂನಿಕೋಡ್ ಸೇರಿದ್ದು 2021ರಲ್ಲಿ. ತುಳು–ತಿಗಳಾರಿ ಲಿಪಿ ಸೇರಿದ್ದು 2024ರಲ್ಲಿ. ಹಳೆಯ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸ್ಥಾನ ಸಿಗಲು ಯಾರಾದರೂ ದಾಖಲೆ ಸಮೇತ ಕೇಳಬೇಕು ಎಂಬುದನ್ನು ಈ ಉದಾಹರಣೆಗಳು ತೋರಿಸುತ್ತವೆ.

ಯಾರಿಗೆ ಬೇಕು ಈ ಅಕ್ಷರ?

ಇಂಥ ಫಾಂಟ್ ದಿನಪತ್ರಿಕೆಯ ಸುದ್ದಿಗೆ ಆಗುವಂಥದಲ್ಲ. ಪಠ್ಯಪುಸ್ತಕಕ್ಕೂ ಆಗದು. ಅದರ ಜಾಗ ಶೀರ್ಷಿಕೆ, ಫಲಕ, ಪೋಸ್ಟರ್, ಪುಸ್ತಕದ ಹೊದಿಕೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಬರುವ ಪ್ರವಾಸಿಗೆ ಶಿಲ್ಪದ ಸೂಕ್ಷ್ಮವನ್ನು ತೋರಿಸಲು ಮಾರ್ಗದರ್ಶಿಗಳಿದ್ದಾರೆ. ಅದೇ ಗೋಡೆಯ ಪಕ್ಕದಲ್ಲಿರುವ ಅಕ್ಷರದ ಸೂಕ್ಷ್ಮವನ್ನು ತೋರಿಸುವ ಸಾಧನ ಕಡಿಮೆ. ಅರಸೀಕೆರೆಯ ದೇವಾಲಯ ಆ ಪಟ್ಟಿಯಲ್ಲಿಲ್ಲ, ಅದರ ಹದಿನಾರು ಮೂಲೆಗಳನ್ನು ನೋಡಲು ಬರುವವರೂ ಕಡಿಮೆ.

ಒಂದು ಫಲಕವನ್ನು ಕಲ್ಪಿಸಿಕೊಳ್ಳಬಹುದು. ಮೇಲೆ ಶಾಸನದ ಒಂದು ಸಾಲಿನ ಚಿತ್ರ. ಅದರ ಕೆಳಗೆ ಅದೇ ಸಾಲು, ಶಾಸನದ ಪ್ರಮಾಣವನ್ನು ಉಳಿಸಿಕೊಂಡ ಹೊಸ ಫಾಂಟಿನಲ್ಲಿ. ಅದರ ಕೆಳಗೆ ಇಂದಿನ ಕನ್ನಡದ ಸಾಮಾನ್ಯ ಅಕ್ಷರದಲ್ಲಿ. ಕಣ್ಣು ಕೆಳಗಿನಿಂದ ಮೇಲಕ್ಕೆ ಹತ್ತಿದರೆ ಎರಡನೇ ಸಾಲು ಮೆಟ್ಟಿಲಾಗಬೇಕು. ನಾಲ್ಕಾರು ಅಕ್ಷರಗಳ ಗುರುತು ಹತ್ತಿದರೆ ಮಿಕ್ಕವನ್ನು ಓದುವ ಕುತೂಹಲ ತಾನಾಗಿ ಹುಟ್ಟುತ್ತದೆ. ರೈಸ್ ಅವರ ಸಂಪುಟ ಪಠ್ಯವನ್ನು ಜನರಿಗೆ ತಲುಪಿಸಿತು. ರೂಪವನ್ನು ತಲುಪಿಸುವ ಕೆಲಸ ಬಾಕಿ ಇದೆ.

ಅದಕ್ಕೆ ಅಗತ್ಯವಾದ ಸಲಕರಣೆಗಳು ಇಂದು ಕೈಗೆಟಕುವಂತಿವೆ. ಫಾಂಟ್ ತಯಾರಿಸುವ ಉಚಿತ ತಂತ್ರಾಂಶಗಳಿವೆ, ಮುಕ್ತ ಪರವಾನಗಿಯಲ್ಲಿ ಹಂಚಿಕೊಳ್ಳುವ ವ್ಯವಸ್ಥೆ ಇದೆ. ಇಲ್ಲದಿರುವುದು ಕಾಲಾವಕಾಶ. ಬಳಪದ ಕಲ್ಲು ಎಷ್ಟೇ ಗಟ್ಟಿಯಾದರೂ ಮಳೆ, ಬಿಸಿಲು, ಕೈಸ್ಪರ್ಶಗಳಿಗೆ ಸವೆಯುತ್ತದೆ. ಬಯಲಿನಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಶಾಸನಗಳ ಪಾಡು ಇನ್ನೂ ಕಷ್ಟದ್ದು. ಸವೆದ ಅಕ್ಷರದ ಪಠ್ಯವನ್ನು 1902ರ ಪುಸ್ತಕದಿಂದ ಓದಿಕೊಳ್ಳಬಹುದು. ಅದರ ತಿರುವು ಯಾವ ಬಿಂದುವಿನಲ್ಲಿತ್ತು ಎಂಬುದನ್ನು ಆ ಪುಸ್ತಕ ಹೇಳಲಾರದು.

ಕೊನೆಗೂ ಫಾಂಟ್ ಗೆದ್ದಿತೇ ಎಂಬುದನ್ನು ನಿರ್ಧರಿಸುವವರು ಓದುಗರು. ಹಳೇಬೀಡಿಗೆ ಶಾಲಾ ಪ್ರವಾಸಕ್ಕೆ ಬಂದ ಏಳನೇ ತರಗತಿಯ ವಿದ್ಯಾರ್ಥಿನಿ ಫಲಕದ ಮೇಲಿನ ಊರಿನ ಹೆಸರನ್ನು ತಡವರಿಸದೆ ಓದಬೇಕು. ಓದಿದ ಮೇಲೆ ತಿರುಗಿ, ಹಿಂದಿರುವ ಕಲ್ಲಿನಲ್ಲಿ ಅದೇ ‘ಬ’ ಎಲ್ಲಿದೆ ಎಂದು ಹುಡುಕಬೇಕು. ಇವೆರಡರಲ್ಲಿ ಮೊದಲನೆಯದು ಮಾತ್ರ ಆದರೆ ಫಾಂಟ್ ಚೆನ್ನಾಗಿದೆ ಎಂದಷ್ಟೇ ಅರ್ಥ. ಎರಡನೆಯದೂ ಆದರೆ ಶಾಸನಕ್ಕೆ ಹೊಸ ಓದುಗಳೊಬ್ಬಳು ಸಿಕ್ಕಂತೆ.